ಹಿಗ್ಗಿದ ಗೆರೆ

“ಆರು ಸೆಂಟಿಮೀಟರ್ ಗೆರೆ ಎಂಟೂವರೆ ಹೇಗಾಗುತ್ತಮ್ಮಾ? ಬಿಸಿಲಿಗೆ ಹಿಗ್ಗಿತಾ?”

ಲೆಕ್ಕದ ಮೇಷ್ಟ್ರು ಹೀಗೆ ಕುಟುಕಿದರೂ ಹುಡುಗಿ ಜಗ್ಗಲಿಲ್ಲ. “ನಾನು ಅಳೆದೇ ಬರೆದದ್ದು ಸರ್. ಎಂಟೂವರೆ ಅಂದ್ರೆ ಎಂಟೂವರೆ.”

ಪ್ರಿನ್ಸಿಪಾಲ್ ಮೇಡಂ ಕೋಣೆಯ ಮೂಲೆಯಲ್ಲಿ ಜೆರಾಕ್ಸ್ ಮೆಷಿನ್, ಅದರ ಪಕ್ಕ ನಾನು. ಕಾಲೇಜಿನ ಕಾಗದವೆಲ್ಲ ನನ್ನ ಕೈ ದಾಟಿಯೇ ಹೋಗಬೇಕು. ಈ ಹುಡುಗಿಗೆ ಕಣ್ಣು ಅರೆಬರೆ. ಅಕ್ಷರ ಅಂಗಿಯ ಗುಂಡಿಯಷ್ಟು ದಪ್ಪಗಿದ್ದರೆ ಮಾತ್ರ, ಅದೂ ಮೂಗು ತಾಗಿಸಿ, ಓದುತ್ತಾಳೆ. ಒಮ್ಮೆ ಓದಿದ್ದನ್ನು ಮರೆಯುವವಳಲ್ಲ ಬಿಡಿ. ನಮ್ಮಲ್ಲಿ ವಿಜ್ಞಾನದ ಸೀಟಿಗೆ ಪ್ರವೇಶ ಪರೀಕ್ಷೆ ಬರೆದಿದ್ದಳು. ಮೂರೇ ಮೂರು ಅಂಕ ಸಾಲದೆ ಸೀಟು ಕೈತಪ್ಪಿತ್ತು. ಅಳತೆಯ ಪ್ರಶ್ನೆ ನಾಲ್ಕು, ನಾಲ್ಕೂ ತಪ್ಪು. ಇನ್ನೊಮ್ಮೆ ನೋಡಿ ಅಂತ ಕೇಳಲು ಒಬ್ಬಳೇ ಬಂದಿದ್ದಳು.

ಮೇಷ್ಟ್ರು ತಮ್ಮ ಪ್ರಶ್ನೆಪತ್ರಿಕೆ ಹಾಸಿ ಗೆರೆ ಅಳೆದರು. ಆರು. ಹುಡುಗಿ ತನ್ನದನ್ನು ಹಾಸಿ ಅಳೆದಳು. ಎಂಟೂವರೆ. ಸ್ಕೇಲ್ ಅದಲುಬದಲು ಮಾಡಿದರು. ಮತ್ತೆ ಅದೇ ಆರು, ಅದೇ ಎಂಟೂವರೆ.

“ಇದೇನ್ರೀ ಇದು, ಮಾಟಾನಾ?” ಅಂದರು ಮೇಡಂ.

ನಾನು ಮೆಷಿನ್ ಬಿಟ್ಟು ಮುಂದೆ ಬಂದೆ. “ಮೇಡಂ, ಅವಳ ಪತ್ರಿಕೆ ದೊಡ್ಡದು ಮಾಡಿದ್ದು ನಾನೇ. ಅಕ್ಷರ ಹಿಗ್ಗಿಸು ಅಂದಿದ್ರಿ. ಯಾವುದು ಅಕ್ಷರ, ಯಾವುದು ಗೆರೆ ಅಂತ ಮೆಷಿನ್ನಿಗೇನು ಗೊತ್ತು? ಎಲ್ಲಾನೂ ಹಿಗ್ಗಿಸಿಬಿಟ್ಟಿದೆ.”

“ಹಾಗಾದ್ರೆ ಇವಳ ಉತ್ತರ ಸರಿ.”

“ಸರಿ ಹೇಗಾಗುತ್ತೆ ಮೇಡಂ? ಉತ್ತರ ಆರು.” ಮೇಷ್ಟ್ರು ತಲೆ ಕೆರೆದುಕೊಂಡರು. “ತಪ್ಪು ಅನ್ನೋಕೂ ಬಾಯಿ ಬರಲ್ಲ. ಅಳೆದಿದ್ದು ಸರಿಯಾಗೇ ಇದೆ.”

“ಸರಿನೋ ತಪ್ಪೋ, ಒಂದು ಹೇಳ್ರೀ!”

“ಅದೇ ನನಗೂ ಗೊತ್ತಾಗ್ತಿಲ್ಲ.”

ಮೂವರು ದೊಡ್ಡವರು ಒಂದು ಗೆರೆಯ ಸುತ್ತ ನಿಂತು ಪಿಳಿಪಿಳಿ ನೋಡಿದೆವು.

ಹುಡುಗಿ ನನ್ನ ಕಡೆ ತಿರುಗಿದಳು. “ಮಾಮ, ಎಲ್ಲಾನೂ ದೊಡ್ಡದು ಮಾಡಿದವರು ನನ್ನ ಸ್ಕೇಲನ್ನ ಯಾಕೆ ಬಿಟ್ರಿ?”

ನಾನು ಅವಳ ಸ್ಕೇಲ್ ಇಸಕೊಂಡು ಗಾಜಿನ ಮೇಲೆ ಬೋರಲು ಹಾಕಿ, ಅವತ್ತು ಒತ್ತಿದ ಬಟನ್ನನ್ನೇ ಒತ್ತಿದೆ. ಬಿಸಿಬಿಸಿ ಹಾಳೆ ಹೊರಬಂತು. ಹುಡುಗಿ ಅದನ್ನು ಮಡಿಸಿ, ಗೆರೆಗೆ ಹೊಂದಿಸಿ, ಮೂಗು ತಾಗಿಸಿದಳು. ಬೆರಳು ಮೆಲ್ಲಗೆ ಸರಿದು ಆರರ ಮೇಲೆ ನಿಂತಿತು.

ಮೇಡಂ ಪೆನ್ನಿನ ಕ್ಯಾಪ್ ತೆಗೆದರು, ಹಾಕಿದರು, ಮತ್ತೆ ತೆಗೆದು ಅಂಕಪಟ್ಟಿಯನ್ನು ಹತ್ತಿರ ಎಳೆದುಕೊಂಡರು.