ಮೂವತ್ತು ಮನೆಯ ಬಲೆ

ಬೇಲೆಕೇರಿ ಬಂದರಿನಿಂದ ಬಡಗಲಿಗೆ ದಂಡೆ ಹಿಡಿದು ನಡೆದರೆ, ಗಾಳಿಮರಗಳ ಸಾಲು ಮುಗಿಯುವಲ್ಲಿ ಒಂದು ಮೀನುಗಾರರ ಕೇರಿ. ಆ ಕೇರಿಗೊಂದು ರಂಪಣಿ ಬಲೆ. ಬಲೆ ಒಂದೇ, ಒಡೆಯರು ಮೂವತ್ತು ಮನೆಯವರು.

ಅದು ಹೇಗೆಂದರೆ, ಬಲೆಯ ಒಂದೊಂದು ತುಂಡು ಒಂದೊಂದು ಮನೆಯದು. ತಂತಮ್ಮ ತುಂಡನ್ನು ತಂತಮ್ಮ ಅಂಗಳದಲ್ಲಿ ಒಣಗಿಸಿ, ಹರಿದಲ್ಲಿ ಹೆಣೆದು, ಬಲೆ ಬಿಡುವ ದಿನ ದಂಡೆಗೆ ತರಬೇಕು. ಅಲ್ಲಿ ತುಂಡಿಗೆ ತುಂಡು ಸೇರಿಸಿ ಹೊಲಿದರೆ ಕಡಲಿಗೇ ಬೇಲಿ ಹಾಕುವಷ್ಟು ಉದ್ದದ ಬಲೆ. ದೋಣಿ, ಹಗ್ಗ, ಬಲೆ ಬಿಡುವ ಹೊತ್ತು, ಮೀನು ಮಾರುವ ದರ, ಇವೆಲ್ಲ ಮೂವತ್ತೂ ಮನೆಯ ಕೂಟಕ್ಕೆ ಸೇರಿದ್ದು. ಅದರಲ್ಲಿ ಮುಂದಾಳು ತಾಂಡೇಲನ ಮಾತೇ ಕಡೆ. ತುಂಡು ಮಾತ್ರ ಮನೆಯದು. ಒಬ್ಬರ ತುಂಡಿಗೆ ಇನ್ನೊಬ್ಬರು ಕೈ ಹಚ್ಚಬಾರದು. ಹಚ್ಚಿದರೆ ಪರರ ಒಲೆಯ ಮೇಲಿನ ಗಡಿಗೆಯ ಮುಚ್ಚಳ ತೆಗೆದು ನೋಡಿದಷ್ಟೇ ಅಪಚಾರ.

ಕಡಲ ತಾಯಿ ಇಡೀ ಬಲೆಯನ್ನು ಒಬ್ಬನ ಕೈಗೆ ಕೊಡಲಿಲ್ಲವೆಂದು ಹಿರಿಯರು ಹೇಳುತ್ತಿದ್ದರು. ಕೊಟ್ಟರೆ ಅವನು ರಾಜನಾಗುತ್ತಾನೆ, ಉಳಿದವರು ಆಳಾಗುತ್ತಾರೆ. ಅದಕ್ಕೇ ಅವಳು ತನ್ನ ಸೆರಗನ್ನು ಹರಿದು ಮನೆಗೊಂದು ಚೂರು ಹಂಚಿ, "ನನ್ನ ಮೀನು ಬೇಕಾದರೆ ಒಟ್ಟಿಗೆ ಬನ್ನಿ" ಅಂದಳಂತೆ. ಹೌದೋ ಅಲ್ಲವೋ ಅವಳಿಗೇ ಗೊತ್ತು.

ಕೇರಿಯ ಮುದುಕಿ ಬೇಬಿಗಂತೂ ಅದು ಹೌದು. ಗಂಡ ಹೋಗಿ ಬಹಳ ವರ್ಷವಾಯಿತು, ಇದ್ದೊಬ್ಬ ಮಗಳು ಮದುವೆಯಾಗಿ ಕಾರವಾರದಲ್ಲಿದ್ದಾಳೆ. ದೋಣಿ ಹತ್ತುವ ಗಂಡಾಳು ಮನೆಯಲ್ಲಿಲ್ಲ. ಆದರೂ ರಂಪಣಿ ಎಳೆದ ದಿನ ಬೇಬಿಯ ಬುಟ್ಟಿಗೆ ಪಾಲು ಬೀಳುತ್ತದೆ. ಅವಳ ತುಂಡು ಬಲೆಯಲ್ಲಿದೆ ಎಂಬ ಕಾರಣಕ್ಕೆ. ಕೂಟ ಸೇರಿದಾಗ ಗಂಡಸರ ಸಾಲಿನಲ್ಲಿ ಅವಳಿಗೂ ಒಂದು ಜಾಗ, ಒಂದು ಮಾತು. ಸಂಜೆ ದೀಪ ಹಚ್ಚಿ, ದೇವರಿಗೆ ಕೈಮುಗಿದು, ಆಮೇಲೆ ಬಲೆಯ ತುಂಡಿನ ಮೂಲೆಯನ್ನೂ ಕಣ್ಣಿಗೊತ್ತಿಕೊಳ್ಳುವುದು ಅವಳ ರೂಢಿ. ನೋಡಿದವರು ನಗುತ್ತಿದ್ದರು. ನಗಲಿ ಬಿಡು, ಅನ್ನುತ್ತಿದ್ದಳು ಬೇಬಿ.

ಆ ವರ್ಷ ದೀಪಾವಳಿ ಕಳೆದು ನಾಲ್ಕು ದಿನಕ್ಕೆ ಬಂಗಡೆ ಬಂತು. ಬೆಳಿಗ್ಗೆ ನೀರಿನ ಮೇಲೆ ಕಪ್ಪು ನೆರಳು ಹಾಸಿದಂತೆ ಕಂಡದ್ದೇ ತಡ, ತಾಂಡೇಲ ಮಾಬ್ಲೇಶ್ವರ ಕೂಗು ಹಾಕಿದ. ಬಲೆ ಹೊಲಿದರು, ದೋಣಿ ಅರ್ಧಚಂದ್ರದ ಹಾಗೆ ಸುತ್ತಿ ಬಂತು, ಎರಡು ತುದಿಯ ಹಗ್ಗ ಹಿಡಿದು ಕೇರಿಗೆ ಕೇರಿಯೇ ಎಳೆಯತೊಡಗಿತು. ಬೇಬಿ ಸೀರೆ ಎತ್ತಿಕಟ್ಟಿ ಹಗ್ಗದ ಬಾಲದಲ್ಲಿ ನಿಂತಿದ್ದಳು. ಭಾರ ಹೇಗಿತ್ತೆಂದರೆ ಬಲೆಯಲ್ಲಿ ಬೆಟ್ಟ ಬಿದ್ದ ಹಾಗೆ. ಎಲ್ಲರ ಮುಖದಲ್ಲೂ ಹಬ್ಬ.

ಸೊಂಟದ ನೀರಿಗೆ ಬಂದಾಗ ಹಗ್ಗ ಇದ್ದಕ್ಕಿದ್ದಂತೆ ಹಗುರಾಯಿತು.

"ಹೋಯ್ತೋ! ಹೋಯ್ತೋ!" ಹಗ್ಗದ ಮುಂದಿದ್ದ ದತ್ತಾ ನೀರಿಗೆ ಹಾರಿದ. ಬಲೆಯ ನಡುವೆ ಒಂದು ಕಡೆ ಗಂಟುಗಳು ಜಾರಿ ಬಾಗಿಲಿನಷ್ಟು ದೊಡ್ಡ ಬಾಯಿ ತೆರೆದಿತ್ತು. ಆ ಬಾಯಿಯಿಂದ ಬಂಗಡೆ ಬೆಳ್ಳಿ ಸುರಿದಂತೆ ಹೊರಗೆ ಹೊರಟಿತ್ತು. ತಡೆಯಲು ಹೋದವನ ಕಾಲ ಸಂದಿನಲ್ಲೂ ಮೀನು. ದಂಡೆಗೆ ಬಲೆ ಬಂದಾಗ ಉಳಿದದ್ದು ಸಾರಿಗೆ ಸಾಕು, ಸಂತೆಗೆ ಸಾಲದು.

ಜಾರಿದ್ದು ಬೇಬಿಯ ತುಂಡು.

ಎಲ್ಲರೂ ತಂತಮ್ಮ ತುಂಡು ಬಿಡಿಸತೊಡಗಿದರು. ಒಬ್ಬರಾದರೂ ಬೈದಿದ್ದರೆ ಬೇಬಿಗೆ ಹಗುರಾಗುತ್ತಿತ್ತು. ತುಂಡನ್ನು ಬಿಡಿಸಿಕೊಂಡು, ಹೊತ್ತುಕೊಂಡು ಮನೆಗೆ ಬಂದಳು. ಅಂಗಳದಲ್ಲಿ ಹರಡಿ ಗಂಟುಗಳನ್ನು ಬೆರಳಲ್ಲಿ ಎಳೆದು ನೋಡಿದರೆ ಒಂದರ ಹಿಂದೊಂದು ಸಡಿಲ. ತಾನೇ ಕಟ್ಟಿದ ಗಂಟುಗಳು. ಎರಡು ಮಳೆಗಾಲದಿಂದ ಕಣ್ಣು ಮಂಜಾಗಿತ್ತು, ಬೆರಳು ಮರಗಟ್ಟುತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಮಧ್ಯಾಹ್ನ ತಾಂಡೇಲನ ಹೆಂಡತಿ ಗೋದಾವರಿ ಬಂದು ಅಂಗಳದ ಆಚೆಯೇ ನಿಂತಳು.

"ಒಳಗೆ ಬಾ ವಯ್ನಿ."

"ಬರ್ತೆ." ಬಂದು ಜಗಲಿಯ ಮೇಲೆ ಕೂತಳು. ಹರಡಿದ್ದ ತುಂಡಿನ ಕಡೆ ನೋಡಿ, "ಬೇಬಿ, ನಾನು ನೋಡಿದ್ದೆ. ಚೌತಿ ಹೊತ್ತಿಗೆ ನೀನು ಬಲೆ ಒಣಗಿಸುವಾಗಲೇ ನೋಡಿದ್ದೆ, ಗಂಟು ನಿಲ್ತಿಲ್ಲ ಅಂತ" ಎಂದಳು.

"ಮತ್ತೆ ಎಂತಕ್ಕೆ ಹೇಳಲಿಲ್ಲ ಮಾರಾಯ್ತಿ?"

"ಹೇಳೂದು ಹೇಗೆ? ನೀನು ನನ್ನ ಅಂಗಳಕ್ಕೆ ಬಂದು ನಿನ್ನ ತುಂಡು ಸಮ ಇಲ್ಲ ಅಂದಿದ್ದರೆ ನಾನು ಹಿಡಿಕಟ್ಟು ತಗೊಂಡು ನಿನ್ನ ಗುಡಿಸಿ ಹೊರಗೆ ಹಾಕ್ತಿದ್ದೆ."

ಬೇಬಿಗೆ ಅಳುವಿನ ನಡುವೆ ನಗು ಬಂತು. ಆದರೆ ಗೋದಾವರಿ ಬಂದದ್ದು ಅಷ್ಟಕ್ಕೇ ಅಲ್ಲ. ನಾಳೆ ಕೂಟ ಸೇರುತ್ತದೆಂದು ಹೇಳಲು ಬಂದಿದ್ದಳು. ಪಂಚಾಯ್ತಿ ಮೆಂಬರು ಕಿಶನ ಹೊಸ ಬಲೆಯ ಮಾತು ಎತ್ತಿದ್ದಾನೆ. ಸರಕಾರದ ಸ್ಕೀಮು, ಅರ್ಧಕ್ಕಿಂತ ಹೆಚ್ಚು ಸಬ್ಸಿಡಿ, ಒಂದಷ್ಟು ದಿಲ್ಲಿಯದು, ಒಂದಷ್ಟು ಬೆಂಗಳೂರಿನದು. ಫ್ಯಾಕ್ಟರಿಯಲ್ಲೇ ಹೆಣೆದ ಇಡೀ ಬಲೆ. ಒಂದೇ ಷರತ್ತು: ಬಲೆಗೆ ಒಬ್ಬನೇ ಮಾಲಕ ಇರಬೇಕು.

"ತುಂಡುಗಳು?"

"ತುಂಡು ಇರೂದಿಲ್ಲ."

ತುಂಡು ಇಲ್ಲದಿದ್ದರೆ ಪಾಲಿಲ್ಲ. ದೋಣಿ ಹತ್ತುವವರಿಗೆ ಕೂಲಿ ಸಿಗುತ್ತದೆ. ಬೇಬಿಗೆ ಬುಟ್ಟಿ ಹಿಡಿದು ದೂರ ನಿಲ್ಲುವ ಜಾಗ ಸಿಗುತ್ತದೆ. ಆ ಸಂಜೆ ಬೇಬಿ ದೀಪ ಹಚ್ಚಿ ಬಹಳ ಹೊತ್ತು ಕೂತಳು. ತಾಯೇ, ತಪ್ಪು ನನ್ನದು, ಒಪ್ಪಿದೆ. ಆದರೆ ನನ್ನ ತಪ್ಪಿಗೆ ನಿನ್ನ ಸೆರಗನ್ನೇ ಕಿತ್ತುಕೊಳ್ಳಬೇಡ, ಎಂದಳು.

ಮರುದಿನ ಹೊತ್ತು ಇಳಿಯುವ ಮೊದಲು ಕಡಲ ತಾಯಿಯ ಗುಡಿಯ ಮುಂದಿನ ಚಪ್ಪರದಲ್ಲಿ ಕೂಟ ಸೇರಿತು. ಬೇಬಿ ತನ್ನ ಜಾಗದಲ್ಲೇ ಕೂತಳು.

ಕಿಶನ ಒಳ್ಳೆಯ ಹುಡುಗ. ಅವನ ಮಾತಿನಲ್ಲಿ ವಿಷ ಇರಲಿಲ್ಲ. "ನಿನ್ನೆ ಎಷ್ಟು ಮೀನು ಹೋಯ್ತು ನೀವೇ ನೋಡಿದಿರಿ. ಮೂವತ್ತು ಮನೆ, ಮೂವತ್ತು ನಮೂನೆಯ ಗಂಟು. ಒಂದು ಜಾರಿದರೆ ಎಲ್ಲರ ಹೊಟ್ಟೆಗೂ ಕಲ್ಲು. ಒಂದು ಬಲೆ, ಒಬ್ಬ ಮಾಲಕ ಇದ್ದರೆ ಹೀಗೆ ಆಗೂದಿಲ್ಲ."

"ಮಾಲಕ ಯಾರು, ನೀನಾ?" ದತ್ತಾ ಕೇಳಿದ.

"ನಾನಲ್ಲದಿದ್ದರೆ ನೀನೇ ಆಗು ಮಾರಾಯಾ!"

"ನಾನು ಆದರೆ ಮೊದಲ ದಿನವೇ ಬಲೆ ಮಾರಿ ಗೋವಾಕ್ಕೆ ಹೋಗ್ತೆ."

ಎಲ್ಲರೂ ನಕ್ಕರು. ಅಷ್ಟರಲ್ಲಿ ಕಿಶನನ ಹೆಂಡತಿ ವಿಜೇತಾ ಕಾರವಾರದ ಬಸ್ಸಿಳಿದು ಬ್ಯಾಗು ಹೆಗಲಲ್ಲಿ ಇದ್ದಂತೆಯೇ ಬಂದಳು. ಕಾರವಾರದ ಹತ್ತಿರದ ಹಣಕೋಣ ಊರಿನ ಮಗಳು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಾಳೆ.

"ಬಾ ಬಾಯ್," ಮಾಬ್ಲೇಶ್ವರ ಕರೆದ. "ಈ ಸ್ಕೀಮಿನ ಹಣ ಕೊಡುವ ದಿಲ್ಲಿ, ಬೆಂಗಳೂರಿನ ಸರಕಾರಗಳ ಸಂಸಾರವೂ ನಮ್ಮ ಬಲೆ ಹಾಗೇ ತುಂಡು ಜೋಡಿಸಿದ್ದು ಅಂತಾರಲ್ಲ. ಅದು ಹೇಗೆ ನಡೀತದೆ ಹೇಳು ನೋಡುವಾ."

ವಿಜೇತಾ ಗಂಡನ ಮುಖ ನೋಡಿ ಸಣ್ಣಗೆ ನಕ್ಕಳು. "ಹೆಚ್ಚುಕಮ್ಮಿ ಹಾಗೇ ಮಾಮಾ. ಸಂವಿಧಾನದಲ್ಲಿ ಮೂರು ಪಟ್ಟಿ ಇದೆ. ಸೈನ್ಯ, ರೈಲು, ನೋಟು, ಇವು ದಿಲ್ಲಿದು. ಪೊಲೀಸು, ಜಮೀನು, ಮೀನುಗಾರಿಕೆ, ಇವು ರಾಜ್ಯದ್ದು."

"ಅಂದರೆ ಕಡಲು ಬೆಂಗಳೂರಿಂದಾ?" ದತ್ತಾನಿಗೆ ತಡೆಯಲಾಗಲಿಲ್ಲ. "ಅಲ್ಲಿ ಕಡಲೇ ಇಲ್ವಲ್ಲಾ!"

"ದಂಡೆಯಿಂದ ಹನ್ನೆರಡು ಮೈಲಿ ತನಕ ರಾಜ್ಯದ್ದು. ಆಚೆ ದಿಲ್ಲಿದು."

"ಬಂಗಡೆಗೆ ಯಾರಾದರೂ ಹೇಳಿದ್ದಾರಾ ಇದನ್ನು?"

"ನಿನ್ನೆ ನಿನ್ನ ಕಾಲ ಸಂದಿನಲ್ಲಿ ಹೋಯ್ತಲ್ಲ, ಆಗ ನೀನೇ ಹೇಳಬೇಕಿತ್ತು," ಎಂದಳು ಗೋದಾವರಿ.

ನಗು ಇಳಿದ ಮೇಲೆ ಮಾಬ್ಲೇಶ್ವರ ಕೇಳಿದ, "ಅದರಲ್ಲಿ ಒಳ್ಳೇದು ಎಂತ, ಕೆಟ್ಟದ್ದು ಎಂತ?"

"ಒಳ್ಳೇದು ಅಂದರೆ ಎಲ್ಲ ಒಂದೇ ಕೈಯಲ್ಲಿ ಇರೂದಿಲ್ಲ. ಮರಳುಗಾಡಿನವರ ಕಷ್ಟ ಬೇರೆ, ದಂಡೆಯವರ ಕಷ್ಟ ಬೇರೆ. ಅವರವರ ಮನೆಯ ಮಾತು ಅವರವರು ನೋಡಿಕೊಳ್ತಾರೆ. ಕೆಟ್ಟದ್ದು ಅಂದರೆ ಕೆಲಸ ನಿಧಾನ. ಕೇಳಿದರೆ ಇವರು ಅವರ ಕಡೆ ಕೈ ತೋರಿಸ್ತಾರೆ, ಅವರು ಇವರ ಕಡೆ. ಒಂದು ಕಡೆ ಸಡಿಲಾದರೆ ಎಲ್ಲರಿಗೂ ನಷ್ಟ. ಮತ್ತೆ ಹಣದ ಹಗ್ಗ ದಿಲ್ಲಿ ಕೈಯಲ್ಲಿ ಜಾಸ್ತಿ. ಹಣ ಕೊಡುವವರು ಷರತ್ತೂ ಕೊಡ್ತಾರೆ."

"ನನಗೆ ಹೇಳ್ತಿದ್ದಾಳೆ," ಎಂದ ಕಿಶನ, ಪಕ್ಕದವನಿಗೆ.

ಬೇಬಿ ಇಷ್ಟು ಹೊತ್ತೂ ತಲೆ ತಗ್ಗಿಸಿಯೇ ಕೇಳುತ್ತಿದ್ದಳು. ಈಗ ತಲೆ ಎತ್ತಿದಳು. "ಮೂರು ಪಟ್ಟಿ ಅಂದೆ. ಎರಡೇ ಹೇಳಿದೆಯಲ್ಲ ಬಾಯ್. ಮೂರನೇದು?"

"ಅದು ಇಬ್ಬರದ್ದೂ ಮಾವ್ಶಿ. ಶಾಲೆ, ಕಾಡು, ಹಾಗಿದ್ದು. ದಿಲ್ಲಿಯೂ ಕೈ ಹಾಕಬಹುದು, ರಾಜ್ಯವೂ ಹಾಕಬಹುದು."

"ಇಬ್ಬರಿಗೂ ಜಗಳ ಬಂದರೆ?"

"ಹೆಚ್ಚಾಗಿ ದಿಲ್ಲಿ ಮಾತೇ ಮೇಲು."

ಬೇಬಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹಗ್ಗ ಕೂಟದ್ದು, ತುಂಡು ಮನೆಯದು ಎಂದು ಹಿರಿಯರು ಎರಡೇ ಪಾಲು ಮಾಡಿ ಹೋಗಿದ್ದರು. ಗಂಟು ಮಾತ್ರ ನಡುವೆ ಅನಾಥವಾಗಿ ಉಳಿದಿತ್ತು. ಅವಳು ಬಿಗಿಯಲಾರಳು, ಬೇರೆಯವರು ಮುಟ್ಟಲಾರರು. ಗುಡಿಯ ಕಡೆ ಒಮ್ಮೆ ನೋಡಿ ಬಾಯಿಬಿಟ್ಟಳು.

"ನಿನ್ನೆ ಮೀನು ಹೋದದ್ದು ನನ್ನ ತುಂಡಿನಿಂದ. ನನಗೆ ಕಣ್ಣು ಸರಿ ಕಾಣೂದಿಲ್ಲ. ನಾನು ಹೇಳಲಿಲ್ಲ, ನೀವು ಕೇಳಲಿಲ್ಲ. ಇನ್ನು ಮೇಲೆ ಬಲೆ ಬಿಡುವ ಮೊದಲು ಎಲ್ಲರ ತುಂಡನ್ನೂ ಕೂಟದವರು ಮುಟ್ಟಿ ನೋಡಲಿ, ಎಳೆದು ನೋಡಲಿ. ಗಂಟು ಮನೆಯದು, ಕೂಟದ್ದು, ಇಬ್ಬರದ್ದೂ ಆಗಲಿ. ಆದರೆ ದಿಲ್ಲಿ ಹಾಗೆ ಮೇಲಿನವರ ಮಾತೇ ಗೆಲ್ಲೂದು ನನಗೆ ಬೇಡ. ಗಂಟು ನಿಲ್ಲದಿದ್ದರೆ ಆ ದಿನ ತುಂಡನ್ನು ಹೊರಗೆ ಇಡಿ. ಅದಕ್ಕೆ ಪಾಲೂ ಬೇಡ. ತುಂಡು ಹೊರಗೆ ಇಡಬಹುದು, ಮನೆಯನ್ನು ಹೊರಗೆ ಇಡಬಾರದು. ರಿಪೇರಿ ಆದ ಮೇಲೆ ಅದರ ಜಾಗ ಅದಕ್ಕೆ ಬೇಕು."

ಕೆಲವರು ಗೋಣು ಹಾಕಿದರು.

"ರಿಪೇರಿ ಮಾಡಲು ಆಗದ ಮನೆಯವರು?" ಮಾಬ್ಲೇಶ್ವರ ಕೇಳಿದ. ಕೇಳುತ್ತಲೇ ಹೆಂಡತಿಯ ಕಡೆ ತಿರುಗಿದ.

"ನಾನು ಕೂತು ಹೆಣೆದು ಕೊಡ್ತೆ," ಎಂದಳು ಗೋದಾವರಿ. "ಅವರು ಚಾ ಮಾಡಿ ಕೊಡಲಿ."

"ಸಕ್ಕರೆ ಹಾಕಿದ ಚಾ," ಎಂದ ದತ್ತಾ.

ಕಿಶನ ತಲೆ ಕೆರೆದುಕೊಂಡ. "ಹಾಗಾದರೆ ಸ್ಕೀಮು ಬಿಡೂದಾ? ಬರುವ ಹಣ ಅದು."

"ಬಿಡೂದು ಎಂತಕ್ಕೆ?" ವಿಜೇತಾ ಅಂದಳು. "ದೋಣಿ ಕೂಟದ್ದೇ ಅಲ್ವಾ? ಅದಕ್ಕೆ ಕೂಟದ್ದೊಂದೇ ಹೆಸರು ಸಾಕು. ಸ್ಕೀಮಿನಲ್ಲಿ ದೋಣಿಗೂ, ಇಂಜಿನ್ನಿಗೂ ಹಣ ಇದೆ, ಅದಕ್ಕೆ ಅರ್ಜಿ ಹಾಕಿ. ಬಲೆ ಇದ್ದ ಹಾಗೇ ಇರಲಿ."

"ಈ ಮಾತನ್ನು ಮನೆಯಲ್ಲಿ ಹೇಳಬಾರದಿತ್ತಾ ನೀನು?"

"ಮನೆಯಲ್ಲಿ ನೀವು ಕೇಂದ್ರ ಸರಕಾರ. ಕೇಳ್ತೀರಾ?"

ಚಪ್ಪರವೇ ಹಾರಿಹೋಗುವಂತೆ ನಗು ಎದ್ದಿತು. ಕಿಶನನೂ ನಕ್ಕ. ಮಾಬ್ಲೇಶ್ವರ ಎದ್ದು ಗುಡಿಯ ಕಡೆ ಕೈಮುಗಿದು, "ಅಮ್ಮಾ, ಮಕ್ಕಳು ಹೀಗೆ ಮಾತಾಡಿಕೊಂಡರು, ನಡೆಸಿಕೊಡು" ಅಂದ. ಕೂಟದಲ್ಲಿ ಅದೇ ಸಹಿ, ಅದೇ ಮುದ್ರೆ.

ಗಂಟು ನೋಡಲು ಇಬ್ಬರು ಬೇಕೆಂದಾಯಿತು. ಒಬ್ಬಳು ಗೋದಾವರಿ. ಇನ್ನೊಬ್ಬರು ಯಾರೆಂದು ಚರ್ಚೆ ಎದ್ದಾಗ, ತಪ್ಪು ಮಾಡಿದವರಿಗೇ ತಪ್ಪಿನ ವಾಸನೆ ಬೇಗ ಹತ್ತುತ್ತದೆಂದು ಮಾಬ್ಲೇಶ್ವರ ಬೇಬಿಯ ಹೆಸರು ಹೇಳಿದ. "ಕಣ್ಣು ಕಾಣೂದಿಲ್ಲ ನನಗೆ!" ಎಂದಳು ಬೇಬಿ ಗಾಬರಿಯಾಗಿ. "ಕಣ್ಣು ಗೋದಾವರಿದು, ಬಾಯಿ ನಿನ್ನದು," ಎಂದ ತಾಂಡೇಲ.

ಮರುದಿನ ಬೆಳಿಗ್ಗೆ ಮೊದಲ ಅಂಗಳ ಬೇಬಿಯದೇ. ಗೋದಾವರಿ ಚಾಪೆ ಹಾಕಿ ಕೂತು, ಸಡಿಲ ಗಂಟುಗಳನ್ನು ಒಂದೊಂದಾಗಿ ಕತ್ತರಿಸಿ ತೆಗೆಯತೊಡಗಿದಳು. ಎಷ್ಟೋ ವರ್ಷದಿಂದ ಪರರ ಕೈ ಸೋಕದ ಬಲೆ. ಬೇಬಿ ಎರಡು ಸಲ ಒಳಗೆ ಹೋಗಿ ಬಂದಳು, ಒಂದು ಸಲ ಚಾ ಉಕ್ಕಿಸಿದಳು. ಮೂರನೇ ಸಲ ಬಂದಾಗ ಹೊಸ ಗಂಟನ್ನು ಬೆರಳಲ್ಲಿ ಎಳೆದು ನೋಡಿದಳು. ಅಲುಗಲಿಲ್ಲ. ಪಕ್ಕದಲ್ಲೇ ಕೂತು ದಾರ ಬಿಡಿಸಿ ಕೊಡತೊಡಗಿದಳು. ಇಬ್ಬರೂ ಹೆಣ್ಣುಮಕ್ಕಳ ಮನೆಯ ಸುದ್ದಿ, ಮೊಮ್ಮಕ್ಕಳ ಸುದ್ದಿ ಮಾತಾಡಿದರು. ಬಿಸಿಲು ಏರುವ ಹೊತ್ತಿಗೆ ತುಂಡು ಗಟ್ಟಿಯಾಯಿತು.

ಆಮೇಲೆ ಇಬ್ಬರೂ ಎದ್ದು ಸೀರೆ ಕೊಡವಿಕೊಂಡು ದತ್ತಾನ ಮನೆಯ ಕಡೆ ನಡೆದರು. ಅಂಗಳದ ಅಂಚಿಗೆ ಬಂದಾಗ ಹಳೆಯ ರೂಢಿಗೆ ಬೇಬಿಯ ಕಾಲು ತಾನಾಗಿಯೇ ನಿಂತಿತು. ಗೋದಾವರಿ ಮೊಣಕೈಯಲ್ಲಿ ತಿವಿದಳು. ಬೇಬಿ ಒಳಗೆ ಕಾಲಿಟ್ಟು, ಗಂಟಲು ಸರಿಮಾಡಿಕೊಂಡು ಕೂಗಿದಳು:

"ಏಯ್ ದತ್ತಾ, ಎದ್ದೆಯಾ ಇಲ್ವಾ? ತುಂಡು ಹೊರಗೆ ತಾ. ಕೂಟದವರು ಬಂದಿದ್ದೇವೆ!"