ಬಿಲ್ ಬಾರದ ಮನೆ

ಡೆಸ್ಬಾ ಅಜ್ಜಿ ನನ್ನ ತಾಯಿಯ ಕುಲದವಳು. ಹಾಗಾಗಿ ಸಾಲದ ಅರ್ಜಿ ಬರೆಯುವ ನನ್ನ ಮೇಜಿಗೆ ಬಂದವಳು ಕೇಳಲಿಲ್ಲ, ಅಪ್ಪಣೆ ಮಾಡಿದಳು.

“ಮನೆಗೆ ಸೋಲಾರ್ ಹಾಕಿಸ್ಬೇಕು. ಬಡವರಿಗೆ ಅಂತ ಹೊಸ ಸಾಲ ಬಂದಿದೆಯಂತಲ್ಲ, ಬರ್ಕೋ.”

ಅಮೆರಿಕದ ಮೂಲನಿವಾಸಿಗಳಾದ ನಮ್ಮ ನವಾಹೋ ನಾಡಿನಲ್ಲಿ ಬ್ಯಾಂಕುಗಳು ಕಾಲಿಡದ ಮೂಲೆಗೂ ಹಣ ತಲುಪಲಿ ಎಂದು ಈ ಯೋಜನೆ ರೂಪಿಸಿದ ಸಮಿತಿಯಲ್ಲಿ ನಾನೂ ಇದ್ದೆ. ಹೆಮ್ಮೆಯಿಂದಲೇ ಕಂಪ್ಯೂಟರ್ ತೆರೆದೆ. ವಿಳಾಸದ ಜಾಗದಲ್ಲಿ ‘ನೀರಿನ ಟ್ಯಾಂಕ್ ದಾಟಿ ಎಂಟು ಮೈಲಿ, ಬಿಳಿ ಬಣ್ಣ ಬಳಿದ ಟೈರಿನ ಹತ್ತಿರ’ ಎಂದು ಬರೆದೆ. ನಮ್ಮಲ್ಲಿ ಅದೇ ವಿಳಾಸ. ಕಂಪ್ಯೂಟರ್ ಒಪ್ಪಿತು. ಆಮೇಲೆ, ಸೋಲಾರ್‌ನಿಂದ ಎಷ್ಟು ಉಳಿತಾಯವಾಗುತ್ತದೆಂದು ಲೆಕ್ಕ ಹಾಕಲು, ಕಳೆದ ವರ್ಷದ ಕರೆಂಟ್ ಬಿಲ್ ಕೇಳಿತು.

“ಕರೆಂಟ್ ಇದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ?” ಎಂದಳು ಅಜ್ಜಿ. “ಸಿಟಿಗೆ ಹೋಗೋ ತಂತಿ ನನ್ನ ಕುರಿಹಟ್ಟಿ ಮೇಲೇ ಹಾದು ಹೋಗಿದೆ. ಅದರ ಬಿಲ್ ಯಾರಿಗೆ ಬರುತ್ತೋ ಅವರನ್ನ ಕೇಳು.”

ಆ ಪ್ರಶ್ನೆ ಬಿಟ್ಟು ಮುಂದೆ ಹೋಗಲು ದಾರಿಯಿರಲಿಲ್ಲ. ಪ್ರಶ್ನೆ ತೆಗೆಯಲು ಸಮಿತಿ ಸೇರಬೇಕು, ಅದು ಸೇರುವುದು ಮುಂದಿನ ವರ್ಷ. ಸೊನ್ನೆ ಒತ್ತಿದೆ. ಅರ್ಜಿ ತಿರಸ್ಕೃತವಾಯಿತು: ಈ ಮನೆಯಲ್ಲಿ ಉಳಿಸಬಹುದಾದ ವಿದ್ಯುತ್ ಇಲ್ಲ.

ಓದಿ ಹೇಳಿದೆ. ಅಜ್ಜಿ ತಲೆಯಾಡಿಸಿದಳು.

“ನಿನ್ನ ಕಂಪ್ಯೂಟರ್ ಸರಿಯಾಗೇ ಹೇಳಿದೆ. ಎಂಬತ್ತು ವರ್ಷದಿಂದ ಉಳಿಸ್ತಾನೇ ಇದೀನಲ್ಲ. ಈ ಪ್ರಶ್ನೆ ಬರೆದ ದಡ್ಡ ಯಾರಪ್ಪ?”

“ನಾನೇ ಅಜ್ಜಿ,” ಎಂದೆ.

ನನ್ನ ಮನೆಗೆ ಕರೆಂಟ್ ಬಂದು ಇನ್ನೂ ಆರು ವರ್ಷ. ಬಿಲ್ ಬಾರದ ಮನೆಯೂ ಇರುತ್ತದೆಂಬುದು ಅಷ್ಟರಲ್ಲೇ ಮರೆತುಹೋಗಿತ್ತು.