ಓದಿಸದೆ ಒತ್ತಿದ ಹೆಬ್ಬೆಟ್ಟು

ಮಾಧವರ ಎಂಬ ಊರಿನ ಲಿಂಗಕ್ಕನಿಗೆ ತುಂಗಭದ್ರೆ ಎಂದರೆ ಗಡಿಯಲ್ಲ, ತವರಿನ ದಾರಿ. ಹರಿಗೋಲು ಹತ್ತಿ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡರೆ ಅದು ಮುಗಿಯುವಷ್ಟರಲ್ಲಿ ಆಚೆ ದಡ. ಈ ದಡದಲ್ಲಿ ಇಂಗ್ಲಿಷರ ಸರ್ಕಾರ, ಆ ದಡದಲ್ಲಿ ನಿಜಾಮರದು. ಆ ಸೀಮೆಗೆ ಜನ ಮೊಗಲಾಯಿ ಎನ್ನುತ್ತಾರೆ. ಆದರೆ ಹೆಣ್ಣು ಕೊಡುವಾಗ, ತರುವಾಗ ನಿಮ್ಮದು ಯಾವ ಸರ್ಕಾರವೆಂದು ಕೇಳಿದವರು ಯಾರಿದ್ದಾರೆ? ಚೊಚ್ಚಲ ಹೆರಿಗೆಗೆ ಲಿಂಗಕ್ಕ ಎಲ್ಲರಂತೆ ತವರಿಗೆ ಹೋದಳು. ಮಗ ಪಕೀರಪ್ಪ ಅಲ್ಲೇ ಹುಟ್ಟಿದ. ಆರು ವರ್ಷ ತುಂಬಿದ ಮೇಲೆ ಸೋದರಮಾವನ ಮನೆಯಲ್ಲೇ ಇದ್ದುಕೊಂಡು ಉರ್ದು ಕಲಿತ, ಮೆಟ್ರಿಕ್ ಪಾಸಾದ.

ಈಗ ಅವನಿಗೆ ಹೈದರಾಬಾದಿನಲ್ಲಿ ದನದ ದವಾಖಾನೆಯ ಕೆಲಸ ಕಲಿಯಲು ಸೀಟು ಸಿಕ್ಕಿತ್ತು. ಕಲಿಯುವಷ್ಟು ದಿನ ಊಟ, ವಸತಿ ಸರ್ಕಾರದ್ದು. ಕಲಿತ ಮೇಲೆ ಅಲ್ಲೇ ನೌಕರಿ. ತೊಡಕು ಒಂದೇ: ತಾನು ಮುಲ್ಕಿ, ಅಂದರೆ ನಿಜಾಮರ ನಾಡಿನವನು ಎಂಬ ಕಾಗದವನ್ನು ಎಂಟು ದಿನದೊಳಗೆ ಕೊಡಬೇಕು.

ಅರ್ಜಿ ಬರೆಯುವ ಕೊಟ್ರಬಸಪ್ಪ ಆ ಕಾಗದವನ್ನು ಅರ್ಧ ದಿನದಲ್ಲಿ ಬರೆದು ತಂದ. ಉರ್ದುವಿನಲ್ಲಿತ್ತು. "ಇಲ್ಲಿ ಒತ್ತವ್ವಾ" ಎಂದ. ಲಿಂಗಕ್ಕ ಹೆಬ್ಬೆಟ್ಟು ಒತ್ತಿದಳು. ಅವನು ಬರೆದ ಕೂಲಿಗೆಂದು ಒಂದು ಹೊಸ ಕಂಬಳಿ ಹೆಗಲಿಗೆ ಹಾಕಿಕೊಂಡು ನಡೆದ.

ಮರುದಿನ ಪಂಚಾಕ್ಷರಯ್ಯ ಮೇಷ್ಟ್ರು ಮನೆ ಮುಂದೆ ಹಾದುಹೋಗುತ್ತಿದ್ದರು. ಅವರು ರಾಯಚೂರಿನಲ್ಲಿ ಹನ್ನೆರಡು ವರ್ಷ ಪಾಠ ಹೇಳಿ ಬಂದವರು, ಉರ್ದು ಬಲ್ಲವರು. ಲಿಂಗಕ್ಕ ಹೆಮ್ಮೆಯಿಂದ ಕರೆದು ಕಾಗದ ತೋರಿಸಿದಳು. ಗಂಡ ಉಚ್ಚೀರಪ್ಪ ಅಂಗಳದಲ್ಲಿ ಕುರಿಯ ಉಣ್ಣೆ ಕತ್ತರಿಸುತ್ತಿದ್ದ.

ಮೇಷ್ಟ್ರು ಒಮ್ಮೆ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು.

"ಲಿಂಗಕ್ಕ, ಇದನ್ನ ಯಾರಾದ್ರೂ ನಿನಗ ಓದಿ ಹೇಳಿದ್ರೇನು?"

"ಇಲ್ರಿ ಅಯ್ಯಾರ. ಕೊಟ್ರಬಸಪ್ಪ ತಿಳದಾಂವ, ಚೊಲೋನೇ ಬರದಿರ್ತಾನ."

"ಹಂಗಾದ್ರ ಕೇಳು. 'ನನ್ನ ಗಂಡ ಉಚ್ಚೀರಪ್ಪ ತೀರಿಕೊಂಡು ಹದಿನೇಳು ವರ್ಷವಾಯಿತು. ವಿಧವೆಯಾದ ನಾನು ಎಳೆಗೂಸಿನೊಂದಿಗೆ ತವರಿಗೆ ಬಂದು ನೆಲೆಸಿದ್ದೇನೆ. ಮತ್ತೆ ಆ ಊರಿಗೆ ಮರಳುವುದಿಲ್ಲ.'"

ಕತ್ತರಿಯ ಸದ್ದು ನಿಂತಿತು. ಅರ್ಧ ಬೋಳಾದ ಕುರಿ ಇದೇ ಸಮಯವೆಂದು ಎದ್ದು ಓಡಿತು. ಲಿಂಗಕ್ಕನ ಕೈ ತಾನಾಗಿ ತಾಳಿಗೆ ಹೋಯಿತು.

"ಇಲ್ಲೇ ಕುಂತಾನಲ್ರೀ! ಈಗಷ್ಟ ರೊಟ್ಟಿ ತಿಂದಾನ!"

"ತಿಂದಿರಬಹುದು. ಆದ್ರ ಸತ್ತಾನಂತ ಹೇಳಿದಾಕಿ ನೀನು. ಹೆಬ್ಬೆಟ್ಟು ನಿಂದೇ ಐತಿ."

ಲಿಂಗಕ್ಕ ತನ್ನ ಹೆಬ್ಬೆರಳು ನೋಡಿಕೊಂಡಳು. ಮಸಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಆದರೂ ಅವಳು ಸುಲಭಕ್ಕೆ ಒಪ್ಪುವ ಹೆಂಗಸಲ್ಲ.

"ಈ ಸುಳ್ಳು ಯಾಕ ಬೇಕಾಗಿತ್ರಿ? ನನ್ನ ಮಗ ಅಲ್ಲೇ ಹುಟ್ಯಾನ. ಅಂವ ಹೆಂಗ ಹೊರಗಿನಾಂವ ಆದಾನು?"

"ಎಲ್ಲಿ ಹುಟ್ಟಿದ ಅಂತ ಅವರ ಕಾಯ್ದೆ ಕೇಳಂಗಿಲ್ಲವ್ವಾ. ಹುಟ್ಟಿದಾಗ ತಂದಿ ಮುಲ್ಕಿ ಇದ್ನೋ ಇಲ್ಲೋ, ಅದನ್ನ ಕೇಳ್ತೈತಿ. ಇಲ್ಲಾಂದ್ರ ಹದಿನೈದು ವರ್ಷ ಅಲ್ಲೇ ಕಾಯಂ ಇರಬೇಕು. ಪಕೀರಪ್ಪ ಇದ್ದದ್ದು ಹನ್ನೊಂದು. ಅದಕ್ಕ ಕೊಟ್ರಬಸಪ್ಪ ನಿನ್ನ ಗಂಡನ್ನ ಸಾಯಿಸಿ, ನಿನ್ನ ತವರಿಗೆ ಕಳಿಸಿ, ಹನ್ನೊಂದನ್ನ ಹದಿನೇಳು ಮಾಡ್ಯಾನ."

"ನಾನೂ ಅಲ್ಲೇ ಹುಟ್ಟೀನಲ್ರಿ ಅಯ್ಯಾರ?"

"ಹೌದು ತಾಯಿ. ಆದ್ರ ಕಚೇರಿಯೋರು ಲಗ್ನ ಆದ ಹೆಣ್ಣಿಗೆ ಗಂಡನ ನಾಡೇ ನಾಡು ಅಂತಾರ. ಅವರ ಪಾಲಿಗೆ ಈಗ ನೀನೂ ಹೊರಗಿನಾಕಿ."

ಹುಟ್ಟಿದೂರಿನಲ್ಲೇ ತಾನು ಪರನಾಡಿನವಳು! ಈ ಮಾತು ಲಿಂಗಕ್ಕನಿಗೆ ಮೊದಲಿನ ಏಟಿಗಿಂತ ಜೋರಾಗಿ ತಾಗಿತು. ಅಷ್ಟರಲ್ಲಿ ಉಚ್ಚೀರಪ್ಪ ಎದ್ದು ಬಂದ.

"ಅಯ್ಯಾರ, ಕಾಗದದಾಗ ಸತ್ರ ನನಗೇನು ನೆಗಡಿನೂ ಬರಂಗಿಲ್ಲ. ಹುಡುಗನ ಬಾಳೇ ಆಗ್ತೈತಂದ್ರ ಸತ್ತಾಂವ ಅಂತಾನೇ ಇರ್ಲಿ ಬಿಡ್ರಿ."

ಅವನು ನಗುತ್ತಲೇ ಹೇಳಿದ.

"ನೀನು ಮಗನ್ನ ನೋಡಾಕ ಹೋದ್ರ ಯಾರಂತ ಹೇಳ್ತಾನಪ್ಪಾ ಅಂವ?" ಎಂದರು ಮೇಷ್ಟ್ರು. "ಸುಳ್ಳು ಹೊರಗ ಬಿದ್ದ ದಿನ ಸೀಟೂ ಹೋಗ್ತೈತಿ, ನೌಕರಿನೂ ಹೋಗ್ತೈತಿ. ಸುಳ್ಳು ಪ್ರಮಾಣ ಮಾಡಿದಾಕಿ ಅಂತ ಲಿಂಗಕ್ಕನ್ನ ಹಿಡಕೊಂಡು ಹೋಗ್ತಾರ. ಕೊಟ್ರಬಸಪ್ಪನ ಹೆಸರು ಇದರಾಗ ಎಲ್ಲೈತಿ, ತೋರಿಸು ನೋಡಾಣ?"

ಉಚ್ಚೀರಪ್ಪನ ನಗು ಮಾಯವಾಯಿತು.

ಲಿಂಗಕ್ಕ ಕಾಗದವನ್ನು ಸೆರಗಿಗೆ ಕಟ್ಟಿಕೊಂಡು ಮೇಷ್ಟ್ರ ಜೊತೆ ಹೊಳೆ ದಾಟಿದಳು. ಅಣ್ಣನ ಮನೆಯಲ್ಲಿ ಪಕೀರಪ್ಪ ಕಾಯುತ್ತಲೇ ಇದ್ದ. ಅವರು ಬಾಯಿ ತೆರೆಯುವ ಮೊದಲೇ ಕಾಗದ ಕಸಿದುಕೊಂಡು ಓದತೊಡಗಿದ. 'ನನ್ನ ಗಂಡ ಉಚ್ಚೀರಪ್ಪ ತೀರಿಕೊಂಡು' ಎಂಬಲ್ಲಿಗೇ ಅವನ ಮುಖ ಬಿಳಿಚಿತು, ಮುಂದಿನ ವರ್ಷದ ಲೆಕ್ಕ ಓದಲೇ ಇಲ್ಲ.

"ಯವ್ವಾ, ಅಪ್ಪಗ ಏನಾತಬೇ?"

ಮಗ ನಿಜವೆಂದೇ ನಂಬಿದ್ದ! ಲಿಂಗಕ್ಕ ಓಡಿಹೋಗಿ ಅವನನ್ನು ತಬ್ಬಿಕೊಂಡಳು. "ಏನೂ ಆಗಿಲ್ಲೋ ನನ್ನಪ್ಪಾ, ಅದಾನ, ಗಟ್ಟಿಮುಟ್ಟಾಗಿ ಅದಾನ" ಎಂದು ಹತ್ತು ಸಲ ಹೇಳಿದಳು. ಆಮೇಲೆ ಅವನೇ ಆ ಕಾಗದವನ್ನು ಒಲೆಗೆ ಹಾಕಿದ.

ಸುಳ್ಳೇಕೆ ಹೇಳಲಿ, ಆ ಸೀಟು ತಪ್ಪಿತು. ಲಿಂಗಕ್ಕ ಎರಡು ದಿನ ಅತ್ತಳು. ಮೂರನೆಯ ದಿನ ಮೇಷ್ಟ್ರು ಈ ದಡದ ಸರ್ಕಾರಕ್ಕೆ ಅಂಥದ್ದೇ ಕಲಿಕೆ ಕೇಳಿ ಅರ್ಜಿ ಬರೆದರು. "ಮೊದಲ ಓದ್ರಿ, ಆಮ್ಯಾಲ ಒತ್ತೀನಿ" ಎಂದಳು ಲಿಂಗಕ್ಕ. ಅವರು ಓದಿದರು: ತಂದೆ ಉಚ್ಚೀರಪ್ಪ, ಬದುಕಿದ್ದಾನೆ, ಕುರಿ ಸಾಕಣೆ. ಆ ಸಾಲನ್ನು ಅವಳು ಎರಡು ಸಲ ಓದಿಸಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ಹೊಳೆ ಚಿಕ್ಕದಿರಬಹುದು, ಆಚೆಯ ಕಾಯ್ದೆ ಬೇರೆ. ಮಗನನ್ನು, ಮಗಳನ್ನು ಬೇರೆ ನಾಡಿಗೆ ಓದಲು ಕಳಿಸುವ ಮೊದಲು ಕೇಳಿ: ಒಳಗೆ ಬಿಡುತ್ತಾರೆಯೇ? ಓದು ಮುಗಿಯುವ ತನಕ ಇರಗೊಡುತ್ತಾರೆಯೇ? ಓದಿದ ಮೇಲೆ ಕೆಲಸ ಮಾಡಗೊಡುತ್ತಾರೆಯೇ? ಒಂದಕ್ಕೆ ಹೌದೆಂದರೆ ಮೂರಕ್ಕೂ ಹೌದೆಂದು ತಿಳಿಯಬೇಡಿ. ಉತ್ತರವನ್ನು ಕಚೇರಿಯಿಂದಲೇ ಬರಹದಲ್ಲಿ ತನ್ನಿ. ಓದಿಸಿ ಕೇಳದ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಈಗಾಗಲೇ ಒತ್ತಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ, ಓದು ಬಲ್ಲವರ ಹತ್ತಿರ ಇವತ್ತೇ ಒಯ್ಯಿರಿ. ನಿಮ್ಮ ಮನೆಯಲ್ಲಿ ಯಾರನ್ನು ಸಾಯಿಸಿ ಬರೆದಿದ್ದಾರೋ, ನಿಮಗೇನು ಗೊತ್ತು?